ಕಬಿನಿಗೆ ಇನ್ನೊಂದು ಸಲ

ಶಾಲೆಯ ಪರೀಕ್ಷೆಗಳು ಹತ್ತಿರವಾದಂತೆ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಮನೆಗಳಲ್ಲಿ ಬೇಸಿಗೆ ರಜೆಯ ಮಾತು ಏಳುತ್ತದೆ. ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಮೊದಲಾದರೆ ಅಜ್ಜಿಯ ಊರು, ಘಾಟಿ ಸುಬ್ರಹ್ಮಣ್ಯ, ಕೈಯಲ್ಲಿ ಸ್ವಲ್ಪ ಕಾಸಿದ್ದರೆ ಧರ್ಮಸ್ಥಳ. ಈಗ ಕಬಿನಿ, ಬಂಡೀಪುರಗಳೂ ಸೇರಿಕೊಂಡಿವೆ. ಒಮ್ಮೆ ಹೋಗಿ ಬಂದವರ ಮನೆಯಲ್ಲಿ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ: ಅಷ್ಟು ದುಡ್ಡು ಹಾಕಿ ಮತ್ತೆ ಅದೇ ಕಾಡಿಗೆ ಹೋಗಬೇಕೇ?

ನಮ್ಮೂರಿನಲ್ಲಿ ವಿದ್ಯುತ್ ಮಗ್ಗ ನಡೆಸುವ ಒಂದು ಮನೆಯಲ್ಲಿ ಈ ಮಾತು ಹೀಗೆ ನಡೆಯಿತು.

“ಏನ್ರೀ, ಹೋದ ವರ್ಷ ಅಷ್ಟೊಂದು ಖರ್ಚು ಮಾಡಿ ಹುಲಿಯ ಬಾಲಾನೂ ಕಾಣ್ಲಿಲ್ಲ. ಈ ಸಲ ಕಾಣುತ್ತೆ ಅಂತ ಯಾರಾದ್ರೂ ಬರ್‍ಕೊಟ್ಟಿದ್ದಾರಾ?”

“ಕಾಣ್ಲಿಲ್ಲ ಅಂತಾನೇ ಇನ್ನೊಂದ್ಸಲ ಹೋಗೋಣ ಅಂತಿರೋದು ಕಣೇ. ಇಲ್ದಿದ್ರೆ ಹೋದ ವರ್ಷದ ದುಡ್ಡೂ ನೀರಿಗೆ ಹಾಕಿದ ಹಾಗಾಗುತ್ತೆ.”

ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೆ ಇಬ್ಬರ ಕೈಯಲ್ಲೂ ಇರುವುದು ಒಂದೇ ಅಳತೆಗೋಲು. ಹುಲಿ ಕಂಡರೆ ದುಡ್ಡು ಸಾರ್ಥಕ, ಕಾಣದಿದ್ದರೆ ದಂಡ. ಈ ಅಳತೆಗೋಲನ್ನು ಕೆಳಗಿಡದೆ ಎರಡನೆಯ ಸಫಾರಿಯ ಲೆಕ್ಕ ಸರಿಹೋಗುವುದಿಲ್ಲ. ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ಇದೇ ಮಾತು.

ಮೊದಲು ದುಡ್ಡನ್ನೇ ನೋಡೋಣ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಹುಟ್ಟಿತು. ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ, ಹಿಂದೆ ಮೈಸೂರು ಮಹಾರಾಜರು ಬೇಟೆಗೆ ಬಂದು ತಂಗುತ್ತಿದ್ದ ಬಂಗಲೆಯ ಆವರಣದಲ್ಲಿ, ಅದರ ಕಬಿನಿ ವಸತಿ ಇದೆ. ಅದರ ಸುತ್ತ ಹಿನ್ನೀರಿನ ಉದ್ದಕ್ಕೂ ಖಾಸಗಿಯವರ ವಸತಿಗಳು ಎದ್ದಿವೆ; ಕೆಲವು ಇದಕ್ಕಿಂತ ಎಷ್ಟೋ ಪಾಲು ದುಬಾರಿ. ಸಾಮಾನ್ಯವಾಗಿ ಒಂದು ರಾತ್ರಿಯ ಪ್ಯಾಕೇಜ್ ಅಂದರೆ ಮಧ್ಯಾಹ್ನ ಹೋಗಿ ಇಳಿಯುವುದು, ಸಂಜೆ ಒಂದು ಸಫಾರಿ, ಮರುದಿನ ಬೆಳಗ್ಗೆ ಇನ್ನೊಂದು, ತಿಂಡಿ ಮುಗಿಸಿ ಹೊರಡುವುದು. ನಾಲ್ಕು ಜನರ ಕುಟುಂಬಕ್ಕೆ ವಸತಿ, ಊಟ, ಸಫಾರಿ, ಕಾರಿನ ಡೀಸೆಲ್ಲು, ಟೋಲು ಎಲ್ಲ ಸೇರಿ 60,000 ರೂಪಾಯಿ ಆಯಿತೆಂದು ಇಟ್ಟುಕೊಳ್ಳಿ. ತಲೆಗೆ 15,000. ಕಾಡಿನೊಳಗೆ ಇದ್ದ ಹೊತ್ತು ಎರಡೂ ಸುತ್ತು ಸೇರಿ ಸುಮಾರು ಏಳು ಗಂಟೆ. ಒಬ್ಬರಿಗೆ ಗಂಟೆಗೆ ಎರಡು ಸಾವಿರ ರೂಪಾಯಿ ದಾಟುತ್ತದೆ. ದೊಡ್ಡ ಲೆನ್ಸಿನ ಕ್ಯಾಮೆರಾ ಇದ್ದರೆ ಅದಕ್ಕೆ ಬೇರೆ ಶುಲ್ಕ.

ಈ ಲೆಕ್ಕ ಹೇಳಿದ್ದು ನಿಮ್ಮನ್ನು ಹೆದರಿಸುವುದಕ್ಕಲ್ಲ. ಹಣ ಎಲ್ಲಿ ಹೋಗುತ್ತದೆ ಎಂದು ತಿಳಿಯಲಿ ಎಂದು. ಅದರ ಹೆಚ್ಚಿನ ಪಾಲು ಹಾಸಿಗೆಗೆ, ಬಫೆ ಊಟಕ್ಕೆ, ಹಿನ್ನೀರು ಕಾಣುವ ಕಿಟಕಿಗೆ ಹೋಗುತ್ತದೆ. ಮೊದಲ ಸಲ ಅದೂ ಬೇಕು. ಮಕ್ಕಳಿಗೆ ಅದೂ ಒಂದು ಸಂಭ್ರಮ. ಎರಡನೆಯ ಸಲ ಹೋಗುವವರು ಮಾತ್ರ ತಮ್ಮನ್ನು ತಾವು ಕೇಳಿಕೊಳ್ಳಬೇಕು: ನಾನು ಮತ್ತೆ ಕೊಳ್ಳುತ್ತಿರುವುದು ಕಾಡನ್ನೋ, ಕೋಣೆಯನ್ನೋ? ಕಾಡೇ ಬೇಕೆಂದಾದರೆ, ದಮ್ಮನಕಟ್ಟೆ ಗೇಟಿನಿಂದ ಅರಣ್ಯ ಇಲಾಖೆಯೇ ಸಫಾರಿ ನಡೆಸುತ್ತದೆ. ನಾಗರಹೊಳೆಗೆ ವೀರನಹೊಸಹಳ್ಳಿ, ನಾಣಚ್ಚಿ ಕಡೆಯಿಂದಲೂ ಪ್ರವೇಶವಿದೆ. ಎಚ್.ಡಿ. ಕೋಟೆಯಲ್ಲೋ ಹುಣಸೂರಿನಲ್ಲೋ ಸಾದಾ ವಸತಿಗೃಹದಲ್ಲಿ ತಂಗಿ, ಇಲಾಖೆಯ ಬಸ್ಸಿನಲ್ಲಿ ಕೂತರೆ, ಒಂದು ರಾತ್ರಿಯ ಐಷಾರಾಮಿ ಖರ್ಚಿನಲ್ಲಿ ಕಾಡಿನ ಹಲವು ಸುತ್ತುಗಳು ಸಿಗುತ್ತವೆ. ಬಸ್ಸಿನಲ್ಲಿ ಗಲಾಟೆ ಇರುತ್ತದೆ, ಸೀಟು ಎತ್ತರ, ಫೋಟೊ ತೆಗೆಯುವುದು ಕಷ್ಟ, ನಿಜ. ಆದರೆ ಜಿಂಕೆಗೆ, ಆನೆಗೆ, ಹುಲಿಗೆ ಯಾರು ಎಷ್ಟು ಕೊಟ್ಟು ಬಂದಿದ್ದಾರೆಂಬುದು ತಿಳಿಯದು.

ಇನ್ನು ಹುಲಿಯ ಮಾತು. ಹೋದ ಸಲ ಕಾಣದ ಹುಲಿ ಈ ಸಲ ಕಾಣಲೇಬೇಕು ಎಂಬ ನಿಯಮ ಯಾವ ಕಾಡಿನಲ್ಲೂ ಇಲ್ಲ. ಮೂರು ಸಲ ಬರಿಗೈಯಲ್ಲಿ ಬಂದವರಿಗೆ ನಾಲ್ಕನೆಯ ಸಲ ಕಾಡು ಬಾಕಿ ತೀರಿಸುವುದಿಲ್ಲ. ಪ್ರತಿ ಸುತ್ತೂ ಹೊಸ ಸುತ್ತು. ಹೋದ ವರ್ಷದ ದುಡ್ಡು ಹೋಗಿಯಾಯಿತು. ಅದನ್ನು ಈ ವರ್ಷದ ದುಡ್ಡಿನಿಂದ ಉಳಿಸಿಕೊಳ್ಳಲು ಬರುವುದಿಲ್ಲ.

2022ರ ಹುಲಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳು. ದೇಶದಲ್ಲಿ ಮಧ್ಯಪ್ರದೇಶದ ನಂತರ ನಮ್ಮದೇ ಸ್ಥಾನ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದೊಳಗೆ 141, ಬಂಡೀಪುರದೊಳಗೆ 150. ಇಷ್ಟೊಂದು ಹುಲಿ ಇದ್ದೂ ನಮಗೇಕೆ ಕಾಣಲಿಲ್ಲ ಎಂದು ಬಹಳ ಜನ ಕೇಳುತ್ತಾರೆ. ಕಾರಣಗಳು ಸರಳ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿಯಂತೆ ಹುಲಿಕಾಡಿನ ತಿರುಳು ಭಾಗದಲ್ಲಿ ಪ್ರವಾಸಿಗರಿಗೆ ತೆರೆಯಬಹುದಾದದ್ದು ಹೆಚ್ಚೆಂದರೆ ಶೇಕಡಾ 20. ಉಳಿದ ಕಾಡು ಪ್ರಾಣಿಗಳದ್ದೇ. ತೆರೆದ ಭಾಗದಲ್ಲೂ ನಮ್ಮ ಕಣ್ಣು ಹಾಯುವುದು ದಾರಿಯ ಎರಡು ಬದಿಯಲ್ಲಿ ಕೆಲವೇ ಮಾರು. ಅದರಾಚೆ ಲಂಟಾನ ಹೆಣೆದುಕೊಂಡಿದೆ. ಪೊದೆಯ ಹಿಂದೆ ಹುಲಿ ಮಲಗಿದ್ದರೆ ಜೀಪು ಅದರ ಪಕ್ಕದಲ್ಲೇ ಹಾದುಹೋಗುತ್ತದೆ, ಯಾರಿಗೂ ಸುಳಿವು ಸಿಗುವುದಿಲ್ಲ.

ಹುಲಿಯ ದಿನಚರಿಯನ್ನೂ ನೋಡಿ. ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳನ್ನು ಅಧ್ಯಯನ ಮಾಡಿದ ಉಲ್ಲಾಸ ಕಾರಂತರು, ಮೈಮೇಲಿನ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸುವ ಕ್ಯಾಮೆರಾ ವಿಧಾನವನ್ನು ಬೆಳೆಸಿದವರು. ಒಂದು ಹುಲಿ ಬದುಕಲು ವರ್ಷಕ್ಕೆ ಸುಮಾರು ಐವತ್ತು ಪ್ರಾಣಿ ಬೇಕು, ಅಷ್ಟು ಸಿಗಬೇಕಾದರೆ ಅದರ ಸುತ್ತ ಐನೂರರಷ್ಟು ಜಿಂಕೆ, ಕಡವೆ, ಕಾಟಿಗಳಿರಬೇಕು ಎಂಬುದು ಅವರ ಕೆಲಸದಿಂದ ತಿಳಿದುಬಂದ ಲೆಕ್ಕ. ಅಂದರೆ ವಾರಕ್ಕೊಂದು ಬೇಟೆ. ಮಿಕ್ಕ ಹೊತ್ತಿನಲ್ಲಿ ಹೆಚ್ಚು ಪಾಲು ಅದು ನೆರಳಿನಲ್ಲಿ, ನೀರಿನಲ್ಲಿ ಬಿದ್ದಿರುತ್ತದೆ. ಆ ಐನೂರು ಪ್ರಾಣಿಗಳ ಹಿಂಡನ್ನು “ಬರೀ ಜಿಂಕೆ” ಎಂದು ನಾವು ಮುಖ ತಿರುಗಿಸುತ್ತೇವೆ. ಹುಲಿಯನ್ನು ಸಾಕುತ್ತಿರುವುದು ಆ ಬರೀ ಜಿಂಕೆಯೇ.

ಟಿ.ವಿ., ಸಿನಿಮಾಗಳೂ ನಮ್ಮ ಕಣ್ಣಿನ ಹಸಿವನ್ನು ಹೆಚ್ಚಿಸಿವೆ. 2020ರಲ್ಲಿ ಚಿತ್ರಮಂದಿರಗಳಿಗೆ ಬಂದ ‘ವೈಲ್ಡ್ ಕರ್ನಾಟಕ’ವನ್ನು ನಮ್ಮಲ್ಲಿ ಎಷ್ಟೋ ಜನ ಮಕ್ಕಳೊಂದಿಗೆ ನೋಡಿದೆವು. ಒಂದು ಗಂಟೆಯೊಳಗಿನ ಆ ಚಿತ್ರಕ್ಕಾಗಿ ಹಲವು ಛಾಯಾಗ್ರಾಹಕರು ವರ್ಷಗಟ್ಟಲೆ ಕಾದಿದ್ದರು. ಕೃಪಾಕರ–ಸೇನಾನಿ ಜೋಡಿ ಬಂಡೀಪುರದ ಸುತ್ತಲಿನ ಕಾಡಿನಲ್ಲಿ ಕೆನ್ನಾಯಿ ಗುಂಪುಗಳ ಹಿಂದೆ ಕಳೆದದ್ದೂ ವರ್ಷಗಳೇ. ಅವರ ವರ್ಷಗಳ ಫಲವನ್ನು ನಾವು ಒಂದು ಸಂಜೆಯಲ್ಲಿ ಕೇಳುತ್ತೇವೆ. ಕಬಿನಿಯ ಕರಿಚಿರತೆಯ ಕಥೆಯೂ ಇದೇ. ಅದು ಬೇರೆ ಜಾತಿಯ ಪ್ರಾಣಿಯಲ್ಲ, ಚಿರತೆಯೇ. ತಾಯಿ ತಂದೆ ಇಬ್ಬರಿಂದಲೂ ಒಂದು ಬಗೆಯ ವಂಶವಾಹಿ ಬಂದರೆ ಮರಿ ಕಪ್ಪಾಗುತ್ತದೆ, ಓರೆ ಬಿಸಿಲಿನಲ್ಲಿ ಮೈಮೇಲಿನ ಚುಕ್ಕೆಗಳು ಕಾಣುತ್ತವೆ. ಆ ಒಂದು ಪ್ರಾಣಿಗಾಗಿ ಮತ್ತೆ ಮತ್ತೆ ಬಂದು ಲಕ್ಷಗಳನ್ನು ಕಳೆದವರಿದ್ದಾರೆ. ಅವರ ಹಂಬಲವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮಗ್ಗದ ದುಡಿಮೆಯಲ್ಲಿ, ದ್ರಾಕ್ಷಿ ತೋಟದ ದುಡಿಮೆಯಲ್ಲಿ ಬದುಕುವ ಮನೆಗೆ ಆ ಹಂಬಲ ಆಗಿಬರುವುದಿಲ್ಲ.

ಹಾಗಾದರೆ ಎರಡನೆಯ ಸಲ ಹೋಗಲೇಬಾರದೇ? ಹೋಗಬೇಕು ಎಂದೇ ನನ್ನ ಅಭಿಪ್ರಾಯ. ಯಾಕೆಂದರೆ ಮೊದಲ ಸಲ ಯಾರೂ ಕಾಡನ್ನು ನೋಡಿರುವುದಿಲ್ಲ. ಜೀಪು ಓಡುತ್ತದೆ, ಎರಡೂ ಬದಿಯಲ್ಲಿ ಹಸಿರು ಗೋಡೆ ಹಿಂದೆ ಸರಿಯುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ, ಯಾರೋ “ಅಗೋ” ಎಂದರೆ ಎಲ್ಲರೂ ಎದ್ದು ನಿಲ್ಲುತ್ತೇವೆ. ಸೀರೆ ಅಂಗಡಿಯಲ್ಲಿ ಗಿರಾಕಿಗೆ ಕಾಣುವುದು ಬಣ್ಣ ಮತ್ತು ಅಂಚು. ನೇಯ್ದವರ ಕಣ್ಣು ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಲಾಳಿ ತಡೆದಿದೆ ಎಂದು ನೇರ ಅಲ್ಲಿಗೇ ಹೋಗುತ್ತದೆ. ಕಾಡಿನಲ್ಲಿ ನಾವು ಮೊದಲ ಸಲ ಗಿರಾಕಿಗಳು. ಎರಡನೆಯ ಸಲ ನೇಯ್ದವರ ಕಣ್ಣು ಬರುವುದಿಲ್ಲ, ಆದರೆ ಎಳೆ ಎಂಬುದು ಒಂದಿದೆ ಎಂದಾದರೂ ತಿಳಿದಿರುತ್ತದೆ.

ಆ ಎಳೆಗಳಲ್ಲಿ ಒಂದೆರಡನ್ನು ಹೇಳುತ್ತೇನೆ. ಮರದ ಮೇಲೆ ಮುಸುವಗಳ ಗುಂಪು, ಅದರ ಕೆಳಗೆ ಜಿಂಕೆಗಳ ಹಿಂಡು. ಮೊದಲ ಸಲ ಇದು ಚೆಂದದ ಫೋಟೊ ಅಷ್ಟೇ. ಎರಡನೆಯ ಸಲ ಹತ್ತು ನಿಮಿಷ ಅಲ್ಲೇ ನಿಂತರೆ ಅವರ ವ್ಯವಹಾರ ಕಾಣುತ್ತದೆ. ಮುಸುವ ಎಲೆ, ಹೂವು, ಕಾಯಿ ಕಿತ್ತು ಅರ್ಧ ತಿಂದು ಅರ್ಧ ಬೀಳಿಸುತ್ತದೆ. ಬಿದ್ದದ್ದು ಜಿಂಕೆಗೆ ಮೇವು. ಮುಸುವದ ಕಣ್ಣು ದೂರಕ್ಕೆ, ಜಿಂಕೆಯ ಮೂಗು ಗಾಳಿಗೆ. ಯಾರಿಗೆ ಮೊದಲು ಅಪಾಯದ ಸುಳಿವು ಸಿಕ್ಕಿತೋ ಅವರು ಕೂಗುತ್ತಾರೆ, ಇಬ್ಬರೂ ಉಳಿಯುತ್ತಾರೆ. ಜಿಂಕೆ ಯಾವುದಕ್ಕೋ ಬೆದರಿ ಒಂದು ಸಲ ಕೂಗಿ ಸುಮ್ಮನಾಗಬಹುದು. ಕಡವೆ ಹಾಗಲ್ಲ. ಕಾಲನ್ನು ನೆಲಕ್ಕೆ ಬಡಿದು, ಬಾಲ ನಿಮಿರಿಸಿ, ಒಂದೇ ದಿಕ್ಕಿಗೆ ನೋಡುತ್ತ ಬಿಟ್ಟು ಬಿಟ್ಟು ಕೂಗುತ್ತಿದ್ದರೆ ಅಲ್ಲಿ ಹುಲಿಯೋ ಚಿರತೆಯೋ ನಡೆಯುತ್ತಿದೆ ಎಂದು ಕಾಡು ಬಲ್ಲವರು ನಂಬುತ್ತಾರೆ. ಈ ಕೂಗುಗಳ ಜಾಡು ಹಿಡಿದು, ಹುಲಿ ಕಣ್ಣಿಗೆ ಬೀಳದೆಯೇ ಅದು ಕಾಡಿನೊಳಗೆ ಎತ್ತ ಸರಿಯುತ್ತಿದೆ ಎಂದು ಕಿವಿಯಿಂದ ತಿಳಿಯುವುದಿದೆಯಲ್ಲ, ಅದಕ್ಕಿಂತ ಮೈ ನವಿರೇಳಿಸುವ ಅನುಭವ ನನಗೆ ಇನ್ನೊಂದು ಗೊತ್ತಿಲ್ಲ. ಅದಕ್ಕೆ ದೊಡ್ಡ ಲೆನ್ಸು ಬೇಡ. ಇಂಜಿನ್ ಆರಿಸುವ ಚಾಲಕ ಬೇಕು, ಮಾತು ನಿಲ್ಲಿಸುವ ಸಹಪ್ರಯಾಣಿಕರು ಬೇಕು.

ಕಷ್ಟ ಇರುವುದು ಇಲ್ಲೇ. ಜೀಪಿನಲ್ಲಿ ನಿಮ್ಮ ಜೊತೆ ಬೇರೆ ಮನೆಯವರೂ ಇರುತ್ತಾರೆ. ಅವರು ಮೊದಲ ಸಲ ಬಂದವರು. ಅವರಿಗೆ ಹುಲಿ ಬೇಕು, ಬೇಕೆನ್ನುವುದು ತಪ್ಪೂ ಅಲ್ಲ. ಚಾಲಕನ ಮೇಲೆ ಒತ್ತಡ. ಒಂದು ಕಡೆ ಹುಲಿ ಕಂಡಿತೆಂಬ ಸುದ್ದಿ ಬಂದರೆ ಎಲ್ಲ ಗಾಡಿಗಳೂ ಅಲ್ಲಿಗೆ ಓಡುತ್ತವೆ. ಮುಸುವ ಮತ್ತು ಜಿಂಕೆಯನ್ನು ನೋಡುತ್ತ ಕೂರೋಣ ಎಂದರೆ ಯಾರು ಕೇಳುತ್ತಾರೆ? ಆದ್ದರಿಂದ ಎರಡನೆಯ ಸಲ ಹೋಗುವವರು ಜನ ಕಡಿಮೆ ಇರುವ ಕಾಲವನ್ನು ಆರಿಸಿಕೊಳ್ಳಬೇಕು. ಇಲ್ಲವೇ ನಾಲ್ಕಾರು ಸಮಾನಮನಸ್ಕರು ಸೇರಿ ಒಂದು ಗಾಡಿಯನ್ನು ಪೂರ್ತಿ ಹಿಡಿಯಬೇಕು. ಹೆಚ್ಚಿನ ಹಣ ಕೊಡುವುದಾದರೆ ದೊಡ್ಡ ಕೋಣೆಗಿಂತ ಇದಕ್ಕೆ ಕೊಡಿ ಎನ್ನುತ್ತೇನೆ.

ಕಾಲದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಎರಡನೆಯ ಸಫಾರಿಯ ಬೆಲೆ ನಿಂತಿರುವುದೇ ಇದರ ಮೇಲೆ. ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿಯಿತು. ಆನೆ ಹಿಡಿಯುವ ಖೆಡ್ಡಾಗಳಿಗೆ ಹೆಸರಾಗಿದ್ದ ಕಾಕನಕೋಟೆ ಕಾಡಿನ ಒಂದಷ್ಟು ಭಾಗ ನೀರಿನಡಿಗೆ ಹೋಯಿತು. ಕೊನೆಯ ಖೆಡ್ಡಾ ನಡೆದದ್ದು ಅದಕ್ಕೆ ಸ್ವಲ್ಪ ಮೊದಲು, 1971ರಲ್ಲಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ದಡದಲ್ಲಿ ಹೊಸ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿರುವಾಗ ನೀರು, ಹುಲ್ಲು ಎರಡೂ ಸಿಗುವ ಜಾಗ ಅದೊಂದೇ. ನಾಗರಹೊಳೆ, ಬಂಡೀಪುರ, ವಯನಾಡು ಕಡೆಯಿಂದ ಆನೆಗಳು ಇಳಿದು ಬಂದು ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ನೆರೆಯುವ ಜಾಗಗಳು ಬಹಳ ಕಡಿಮೆ. 2023ರ ಗಣತಿಯಲ್ಲಿ ನಮ್ಮ ರಾಜ್ಯದ ಆನೆಗಳು 6,395, ದೇಶದಲ್ಲೇ ಹೆಚ್ಚು. ಮರಿಯಾನೆ ತಾಯಿಯ ಕಾಲುಗಳ ನಡುವೆ ನುಸುಳಿ ನೀರಿಗಿಳಿಯುವುದನ್ನು ನೋಡಬೇಕಾದರೆ ಮಾರ್ಚ್, ಏಪ್ರಿಲ್, ಮೇ ತಿಂಗಳೇ ಸರಿ. ಆದರೆ ಜನಜಂಗುಳಿಯೂ, ದರವೂ ಏರುವುದು ಆಗಲೇ.

ಜೂನ್ ಕಳೆದು ವಯನಾಡಿನಲ್ಲಿ ಮಳೆ ಹಿಡಿದರೆ ರಾಜ್ಯದ ಜಲಾಶಯಗಳಲ್ಲಿ ಮೊದಲು ತುಂಬುವವುಗಳಲ್ಲಿ ಕಬಿನಿಯೂ ಒಂದು. ದಡದ ಹುಲ್ಲು ಮುಳುಗುತ್ತದೆ, ಆನೆಗಳು ಕಾಡಿನೊಳಗೆ ಚದುರುತ್ತವೆ. ಎಲ್ಲೆಲ್ಲೂ ನೀರಿರುವುದರಿಂದ ಹುಲಿ ಕೆರೆಗೆ ಬಂದು ಕಾಣಿಸಿಕೊಳ್ಳಬೇಕಾದ ಅಗತ್ಯವೂ ಇರುವುದಿಲ್ಲ. ಹುಲಿ ಬಯಸುವವರಿಗೆ ಇದು ಕೆಟ್ಟ ಕಾಲ. ಕಾಡು ಬಯಸುವವರಿಗೆ ಇದರಂಥ ಕಾಲ ಇಲ್ಲ. ಹಡ್ಲುಗಳಲ್ಲಿ, ಅಂದರೆ ಕಾಡಿನ ನಡುವಣ ಜೌಗು ಬಯಲುಗಳಲ್ಲಿ, ಮೊಣಕಾಲೆತ್ತರದ ಹುಲ್ಲು ಮೇಯುವ ಕಾಟಿಗಳ ಮೈ ಮಳೆ ನೀರಿಗೆ ಎಣ್ಣೆ ಹಚ್ಚಿದಂತೆ ಮಿನುಗುತ್ತದೆ. ತೇಗದ ಎಲೆ ಮೇಲೆ ಮಳೆ ಬೀಳುವ ಸದ್ದೇ ಬೇರೆ. ದರ ಇಳಿದಿರುತ್ತದೆ, ಗಾಡಿಯಲ್ಲಿ ಅರ್ಧ ಸೀಟು ಖಾಲಿ. ಮೊದಲ ಸಲ ಬೇಸಿಗೆಯಲ್ಲಿ ಹೋದವರು ಎರಡನೆಯ ಸಲ ಮಳೆಗಾಲದಲ್ಲಿ ಹೋದರೆ, ಅದು ಅದೇ ಕಾಡಲ್ಲ. ಅದೇ ತಿಂಗಳು, ಅದೇ ವಸತಿ, ಅದೇ ದಾರಿ ಎಂದಾದರೆ ನಾನಂತೂ ಬೇಡ ಎನ್ನುತ್ತೇನೆ.

ಬೇರೆ ಕಾಡೂ ಇದೆ. ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಗುಡಿಯಲ್ಲಿ ಒಂದೇ ದಿನದಲ್ಲಿ ಕುರುಚಲು ಕಾಡು, ಎಲೆ ಉದುರುವ ಕಾಡು, ಶೋಲಾ ಎಲ್ಲವನ್ನೂ ದಾಟಬಹುದು. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ನದಿ ರೀವಗಳು ನೆಲದ ಮೇಲೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಅದನ್ನು ದೋಣಿಯಿಂದ ನೋಡಬೇಕು.

ವಿಮಾನ ನಿಲ್ದಾಣ ದೇವನಹಳ್ಳಿಗೇ ಬಂದ ಮೇಲೆ ನಮ್ಮ ಕಡೆಯ ಕೆಲವು ಅನುಕೂಲಸ್ಥರು ಕೀನ್ಯಾದ ಮಸಾಯಿ ಮಾರಾಕ್ಕೂ ಹೋಗಿ ಬರುತ್ತಿದ್ದಾರೆ, ಎರಡನೆಯ ಸಲ ಹೋಗುವ ಮಾತಾಡುತ್ತಾರೆ. ಅಲ್ಲಿ ವಿದೇಶಿಯರಿಗೆ ಪ್ರವೇಶ ಶುಲ್ಕವೇ ಒಬ್ಬರಿಗೆ ದಿನಕ್ಕೆ ವರ್ಷದ ಮೊದಲ ಆರು ತಿಂಗಳು 100 ಡಾಲರ್, ಜುಲೈಯಿಂದ 200 ಡಾಲರ್ ಎಂದು 2024ರಲ್ಲಿ ನಿಗದಿಯಾಯಿತು. ವಿಮಾನ, ವಸತಿ, ಗಾಡಿ ಎಲ್ಲ ಇದರ ಮೇಲೆ. ಎರಡನೆಯ ಸಲ ಮತ್ತೆ ಮಾಡಬೇಕಿಲ್ಲದ ಒಂದು ಖರ್ಚೆಂದರೆ ಹಳದಿ ಜ್ವರದ ಲಸಿಕೆ. ಅದರ ಪ್ರಮಾಣಪತ್ರ ಈಗ ಜೀವಮಾನಕ್ಕೆ ನಡೆಯುತ್ತದೆ. ಮಾರಾ ಬಟಾಬಯಲು. ಸಿಂಹ ಅಲ್ಲಿ ಅಡಗುವುದಿಲ್ಲ, ಮೊದಲ ಸಲವೇ ಬಹುತೇಕ ಎಲ್ಲವೂ ಕಂಡಿರುತ್ತದೆ. ಅದನ್ನು ಕಂಡು ಬಂದವರಿಗೆ ಮತ್ತೆ ಅಲ್ಲಿಗೇ ಹೋಗುವುದಕ್ಕಿಂತ ಆ ಹಣದ ಒಂದು ತುಣುಕಿನಲ್ಲಿ ನಮ್ಮದೇ ಕಾಡುಗಳನ್ನು ವರ್ಷವಿಡೀ, ಋತುವಿಗೊಂದರಂತೆ ನೋಡುವುದು ಎಷ್ಟೋ ಮೇಲು.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ನಾನು ಗಟ್ಟಿಯಾಗಿ ನಂಬಿರುವ ಮಾತೊಂದಿದೆ: ಕಬಿನಿಗೆ ಎರಡನೆಯ ಸಲ ಹೋಗುವ ಮೊದಲು ಒಂದು ಚಳಿಗಾಲವನ್ನು ನಮ್ಮ ಕೆರೆ, ತೋಪು, ಬೆಟ್ಟಗಳಲ್ಲಿ ಕಳೆಯಬೇಕು. ಕಣ್ಣು ಪಳಗುವುದು ಇಲ್ಲಿ, ಅದೂ ಬಿಟ್ಟಿಯಾಗಿ.

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪನ್ನು ನಮ್ಮಲ್ಲೇ ಎಷ್ಟು ಜನ ನೋಡಿದ್ದೇವೆ? ಐವತ್ತನಾಲ್ಕು ಎಕರೆಯ ಆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ವಿಮಾನಗಳು ತಲೆಯ ಮೇಲೆ ಹಾರುತ್ತಿರುತ್ತವೆ. ಕೆಳಗೆ ಶತಮಾನಗಳ ಹಳೆಯ ಹುಣಸೆ ಮರಗಳು, ಕಾಂಡ ಟೊಳ್ಳಾಗಿ ಸೀಳಿ ಮತ್ತೆ ಚಿಗುರಿದವು. ಆ ಪೊಟರೆಗಳ ಮುಂದೆ ಸದ್ದಿಲ್ಲದೆ ಅರ್ಧ ಗಂಟೆ ಕೂರಲು ಮಕ್ಕಳಿಗೆ ಕಲಿಸಿ. ಹಾಲಕ್ಕಿ, ಗಿಳಿ, ಮೈನಾ ಯಾವುದಾದರೊಂದು ತಲೆ ಹೊರಹಾಕುತ್ತದೆ. ಅರ್ಧ ಗಂಟೆ ಕೂರಲು ಬಾರದ ಮಗುವನ್ನು ಹದಿನೈದು ಸಾವಿರ ಕೊಟ್ಟು ಜೀಪಿನಲ್ಲಿ ಮೂರೂವರೆ ಗಂಟೆ ಕೂರಿಸುವುದು ಮಗುವಿಗೂ ಹಿಂಸೆ, ಪಕ್ಕದವರಿಗೂ ಹಿಂಸೆ.

ಹೊಸಕೋಟೆಯ ದೊಡ್ಡಕೆರೆಯಲ್ಲಿ ನೀರಿದ್ದ ವರ್ಷ ಚಳಿಗಾಲದ ಬೆಳಗ್ಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಉತ್ತರದಿಂದ ಬಂದ ಬಾತುಗಳು. ಮಾಕಳಿದುರ್ಗದ ಬಂಡೆಗಳ ಪೊದೆಯಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಅದನ್ನು ನೋಡಲು ಪರದೇಶದ ಹಕ್ಕಿಪ್ರಿಯರು ಪಕ್ಕದ ನಂದಿಬೆಟ್ಟಕ್ಕೆ ಹುಡುಕಿಕೊಂಡು ಬರುತ್ತಾರೆ. ನೆಲಮಂಗಲದ ಕಡೆಯವರಿಗೆ ಹೆಸರಘಟ್ಟದ ಹುಲ್ಲುಗಾವಲು ಹತ್ತಿರ. ಅಲ್ಲಿನ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿತು. ಇನ್ನು ದೊಡ್ಡಬಳ್ಳಾಪುರದಿಂದ ಬೆಳಗ್ಗೆ ಹೋಗಿ ಸಂಜೆಗೆ ಬರಬಹುದಾದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಅದು 2007ರಿಂದ ಜಯಮಂಗಲಿ ಹೆಸರಿನ ಸಂರಕ್ಷಣಾ ಮೀಸಲು. ಎಂಟುನೂರು ಎಕರೆಗೆ ಎರಡೇ ಕಡಿಮೆ. ಬಯಲಿನಲ್ಲಿ ಗಂಡು ಕೃಷ್ಣಮೃಗ ನೆಗೆಯುವುದನ್ನು ನೋಡಿದವರು ಮತ್ತೆ ಯಾವತ್ತೂ “ಬರೀ ಜಿಂಕೆ” ಎನ್ನಲಾರರು.

ಇದಕ್ಕೆ ಬೇಕಾದದ್ದು ಒಂದು ದುರ್ಬೀನು. ಮೇಲೆ 8x42 ಎಂದು ಬರೆದಿರುವುದನ್ನು ಕೊಳ್ಳಿ: ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವುದರಿಂದ ಮುಂಜಾವಿನ ಮಬ್ಬಿನಲ್ಲೂ ಬೆಳಕು ಸಾಕಾಗುತ್ತದೆ. ಸಾಧಾರಣವಾದ ಒಂದು ದುರ್ಬೀನಿನ ಬೆಲೆ ಆಗಲೇ ಲೆಕ್ಕ ಹಾಕಿದ ತಲೆವಾರು ಖರ್ಚಿಗಿಂತ ಕಡಿಮೆ, ಹತ್ತಾರು ವರ್ಷ ಬಾಳುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡನಾಡಿನ ಹಕ್ಕಿಗಳು’ ಮನೆಯಲ್ಲಿರಲಿ.

ನಮ್ಮ ಜಿಲ್ಲೆಯ ಬೆಟ್ಟಗಳಲ್ಲಿ ಚಿರತೆಯೂ ಇದೆ. ನಾವು ಸಾವಿರಾರು ರೂಪಾಯಿ ಕೊಟ್ಟು ನೋಡಲು ಹೋಗುವ ಪ್ರಾಣಿ ಇಲ್ಲಿ ರಾಗಿ ಹೊಲದ ಅಂಚಿನಲ್ಲಿ ನಾಯಿ, ಕುರಿ ಹಿಡಿದು ಬದುಕುತ್ತಿದೆ. 2024ರ ನವೆಂಬರಿನಲ್ಲಿ ಶಿವಗಂಗೆಯ ಬಳಿ, ನೆಲಮಂಗಲ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ, ಹುಲ್ಲು ಕುಯ್ಯಲು ಹೋದ ತಾಯಿಯೊಬ್ಬರನ್ನು ಚಿರತೆ ಕೊಂದಿತು. ಆದ್ದರಿಂದ ರಾತ್ರಿ ಕಾರಿನಲ್ಲಿ ಟಾರ್ಚು ಹಿಡಿದು ಬೆಟ್ಟದಂಚಿನಲ್ಲಿ ಚಿರತೆ ಹುಡುಕುವ ಹೊಸ ಹುಚ್ಚು ಯಾರಿಗೂ ಬೇಡ. ಬೆಳಕಿಗೆ ಬೆದರಿದ ಪ್ರಾಣಿ ಆ ಕಡೆ ಹಟ್ಟಿಯ ಕೊಟ್ಟಿಗೆಗೆ ನುಗ್ಗಿದರೆ ಅನುಭವಿಸುವವರು ಹಟ್ಟಿಯವರು.

ಇದು ನನ್ನನ್ನು ಇನ್ನೊಂದು ಲೆಕ್ಕಕ್ಕೆ ತರುತ್ತದೆ. ಸಫಾರಿಯ ಬೆಲೆ ಬರೀ ನಾವು ಕೊಡುವ ರೂಪಾಯಿಯಲ್ಲ. 2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು ತಾಲ್ಲೂಕಿನಲ್ಲಿ ಹೊಲದಲ್ಲಿದ್ದ ರೈತರು ಹುಲಿಯ ದಾಳಿಗೆ ಸತ್ತರು. ಜನರ ಸಿಟ್ಟು ಏರಿತು. ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿ, ಅದರ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಾಕಿತು. ಅದೇ ವರ್ಷದ ಮೇ ತಿಂಗಳಲ್ಲಿ, ನಾಗರಹೊಳೆಯ ಹಾಡಿಗಳಿಂದ ಹಿಂದೆ ಹೊರಬಿದ್ದಿದ್ದ ಜೇನುಕುರುಬರ ಐವತ್ತರಷ್ಟು ಕುಟುಂಬಗಳು ಕಾಡಿನೊಳಗಿನ ಕರಡಿಕಲ್ಲು ಹಾಡಿಗೆ ಮರಳಿ ಹೋಗಿ ಇದು ನಮ್ಮ ನೆಲ ಎಂದು ಹಕ್ಕು ಕೇಳಿದವು. ನಾವು ದುಡ್ಡು ಕೊಟ್ಟು ಬೆಳಗ್ಗೆ ಆರಕ್ಕೆ ಒಳಗೆ ಹೋಗುವ ಕಾಡಿಗೆ, ಅಲ್ಲೇ ಹುಟ್ಟಿದವರು ಅರ್ಜಿ ಹಾಕಿ ಕಾಯಬೇಕಾಗಿದೆ. ಇದನ್ನು ತಿಳಿದ ಮೇಲೆ ಸಫಾರಿಗೆ ಹೋಗಬಾರದು ಎಂದು ನಾನು ಹೇಳುವುದಿಲ್ಲ. ಪ್ರವಾಸಿಗರ ಹಣದಿಂದ ಎಚ್.ಡಿ. ಕೋಟೆ, ಸರಗೂರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತದೆ. ಚಾಲಕರು, ಮಾರ್ಗದರ್ಶಕರು, ಅಡುಗೆಯವರು, ದೋಣಿ ನಡೆಸುವವರು ಆ ಊರಿನವರೇ. ಆದರೆ ಎರಡನೆಯ ಸಲ ಹೋಗುವಾಗ ಒಂದು ರಾತ್ರಿಯನ್ನು ಹಿನ್ನೀರಿನ ದುಬಾರಿ ಕೋಣೆಗೆ ಕೊಡುವ ಬದಲು ಆ ಊರಿನವರೇ ನಡೆಸುವ ಹೋಮ್‌ಸ್ಟೇಗೆ ಕೊಡಿ. ಸಂಜೆ ಜಗುಲಿಯಲ್ಲಿ ಕೂತು, ರಾತ್ರಿಯೆಲ್ಲ ಹೊಲ ಕಾಯುವುದು ಹೇಗಿರುತ್ತದೆ ಎಂದು ಕೇಳಿ. ಆನೆಯ ವಿಷಯ ಅವರು ಹೇಳುವುದನ್ನು ಕೇಳಿದ ಮೇಲೆ, ಮರುದಿನ ಜೀಪಿನಿಂದ ನೋಡುವ ಆನೆ ಬೇರೆಯೇ ಆಗಿ ಕಾಣುತ್ತದೆ.

ಕೊನೆಗೆ, ನನ್ನನ್ನು ನೇರವಾಗಿ ಕೇಳುವವರಿಗೆ ನೇರವಾದ ಉತ್ತರ. ಸಾಲ ಮಾಡಿ, ಚೀಟಿ ಎತ್ತಿ, ಮಕ್ಕಳ ಫೀಸಿಗೆ ಇಟ್ಟ ಹಣ ತೆಗೆದು ಎರಡನೆಯ ಸಫಾರಿಗೆ ಹೋಗಬೇಡಿ. ಹುಲಿ ಕಾಣಲಿಲ್ಲವೆಂಬ ಒಂದೇ ಕಾರಣಕ್ಕೂ ಹೋಗಬೇಡಿ. ಮೊದಲ ಸಲ ಕಂಡ ಯಾವುದಾದರೊಂದು, ಅದು ಕೆನ್ನಾಯಿಗಳ ಆಟವಿರಲಿ, ಆನೆ ಸಿಪ್ಪೆ ಸುಲಿದ ತೇಗದ ಮರವಿರಲಿ, ಮನೆಗೆ ಬಂದ ಮೇಲೂ ನಿಮ್ಮನ್ನು ಬಿಡದೆ ಕಾಡುತ್ತಿದ್ದರೆ, ಅದರ ಬಗ್ಗೆ ನಿಮ್ಮ ಮಗಳು ಇನ್ನೂ ಪ್ರಶ್ನೆ ಕೇಳುತ್ತಿದ್ದರೆ, ಹೋಗಿ. ಒಂದು ವರ್ಷ ಬಿಟ್ಟು ಹೋಗಿ, ಬೇರೆ ಋತುವಿನಲ್ಲಿ ಹೋಗಿ, ಒಂದು ರಾತ್ರಿಯ ಬದಲು ಮೂರು ರಾತ್ರಿ ನಿಲ್ಲುವಷ್ಟು ಕಡಿಮೆ ದರದ ವಸತಿ ಹುಡುಕಿ ಹೋಗಿ. ಚಾಲಕರಿಗೆ ಮೊದಲೇ ಹೇಳಿ: “ಅಣ್ಣಾ, ನಮಗೆ ಹುಲಿ ಕಾಣದಿದ್ದರೂ ಪರವಾಗಿಲ್ಲ, ನಿಧಾನವಾಗಿ ಹೋಗೋಣ, ನಿಮಗೆ ಗೊತ್ತಿರೋದನ್ನ ತೋರ್ಸಿ.” ಈ ಮಾತು ಕೇಳಿದಾಗ ಅವರ ಹೆಗಲ ಮೇಲಿನ ಭಾರ ಇಳಿಯುತ್ತದೆ. ಹದ್ದಿನ ಗೂಡು, ಕರಡಿ ಹತ್ತಿದ ಮರದ ಮೇಲಿನ ಉಗುರಿನ ಗೀರು, ಹುಲಿ ಗಡಿ ಗುರುತು ಮಾಡಿದ ಜಾಗ, ಇವೆಲ್ಲ ಅವರಿಗೆ ಗೊತ್ತು, ಕೇಳುವವರು ಕಡಿಮೆ.

ಡಿಸೆಂಬರಿನಲ್ಲಿ ಹೊರಡುವವರು ದಾರಿಯಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಒಂದು ಗಂಟೆ ಕೊಡಿ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ, ಅದಕ್ಕೆ ಟಿಕೆಟ್ಟಿಲ್ಲ. ಮಳೆಗಾಲದಲ್ಲಿ ಹೊರಡುವವರು ದುರ್ಬೀನಿಗೊಂದು ಪ್ಲಾಸ್ಟಿಕ್ ಚೀಲ, ಮಕ್ಕಳಿಗೆ ರೇನ್‌ಕೋಟು ಮರೆಯಬೇಡಿ. ಇನ್ನು, ಸಫಾರಿ ನಡೆಯುತ್ತಿದೆಯೇ, ಯಾವ ಗೇಟು ತೆರೆದಿದೆ, ಎಷ್ಟು ಹೊತ್ತಿಗೆ ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ; ಸಫಾರಿ ನಿಂತರೆ ವಸತಿಗೆ ಕಟ್ಟಿದ ಹಣ ಹಿಂದಕ್ಕೆ ಬರುತ್ತದೆಯೇ ಎಂಬುದನ್ನೂ ಬರಹದಲ್ಲಿ ಪಡೆದುಕೊಳ್ಳಿ.